ಕೆಲಸ ಹತ್ತು, ಕೈ ಎರಡು: ಯಾವುದು ಮೊದಲು?

ಬಡವನಹಳ್ಳಿ ಹತ್ತಿರದ ನಮ್ಮ ಹೊಲದಲ್ಲಿ ಕಡಲೆಕಾಯಿ ಕಿತ್ತು ಒಣಗಲು ಬಿಟ್ಟಿದ್ದೆ. ಅದೇ ವಾರ ಅಪ್ಪನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಬೇಕಾಯ್ತು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕೋದು, ಬಸ್ ಹತ್ತೋದು, ರಾತ್ರಿ ಬಂದು ತ್ರೀಫೇಸ್ ಕರೆಂಟ್‌ಗೆ ಕಾಯೋದು. ಜೊತೆಗೆ ಸೊಸೈಟಿ ಸಾಲ, ತಂಗಿಯ ಕಾಲೇಜು ಫೀಸು. ಎರಡು ರಾತ್ರಿ ಸುರಿದ ಮಳೆಗೆ ಕಾಯಿ ನೆನೆದು ಮೊಳಕೆ ಬಂತು. ವಿಮೆ ಕಟ್ಟಿದ್ದೆ, ಆದರೆ ತಿಳಿಸಬೇಕು ಅಂತ ನೆನಪಾದದ್ದು ಐದನೇ ದಿನ. ಇದ್ದ ಗಡುವು 72 ಗಂಟೆ. ಹತ್ತು ನಿಮಿಷದ ಫೋನ್ ಮಾಡದೆ ಪರಿಹಾರದ ದಾರಿ ಮುಚ್ಚಿಹೋಯ್ತು.

ನಾನೇನು ಸುಮ್ಮನೆ ಕೂತಿರಲಿಲ್ಲ. ಎಲ್ಲಾ ಕೆಲಸಾನೂ ಒಂದೇ ತೂಕದ್ದು ಅಂದ್ಕೊಂಡು, ಕಣ್ಣಿಗೆ ಬಿದ್ದದ್ದನ್ನ ಮೊದಲು ಮಾಡ್ತಿದ್ದೆ. ಈಗ ಕೆಲಸಗಳನ್ನ ಮೂರು ಗುಂಪು ಮಾಡ್ಕೊಂಡಿದ್ದೀನಿ.

1. ಬೆಳೆ ಕಾಯದ ಕೆಲಸ

ಬಿತ್ತಿದ ದಿನವೇ ಫೋನಿನ ಕ್ಯಾಲೆಂಡರ್‌ನಲ್ಲಿ ತಾರೀಕು ಹಾಕಿ, ಮುಂದಿನದನ್ನ ಎಣಿಸಿ ಅಲಾರಂ ಇಡಿ. ಕಡಲೆಕಾಯಿಗೆ 30–35ನೇ ದಿನ, ಹೂವಾಡುವ ಹೊತ್ತಿಗೆ, ಎಕರೆಗೆ 200 ಕೆ.ಜಿ. ಜಿಪ್ಸಂ ಕೊಟ್ಟು ಬುಡಕ್ಕೆ ಮಣ್ಣೇರಿಸಬೇಕು. ಕಳೆ ಮತ್ತು ಕುಂಟೆ ಕೆಲಸ 45 ದಿನದೊಳಗೆ ಮುಗೀಬೇಕು. ಆಮೇಲೆ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ನೆಲಕ್ಕಿಳಿದು ಕಾಯಿ ಕಟ್ಟುತ್ತೆ. ಆಗ ಕುಂಟೆ ಹೊಡೆದರೆ ಅದು ಮುರಿದು ಕಾಯಿ ಕಡಿಮೆಯಾಗುತ್ತೆ. ಮಳೆಯಾಶ್ರಿತ ಹೊಲದಲ್ಲಿ ಹದ ಸಿಗೋದೇ ಎರಡು ಮೂರು ದಿನ. ಆ ದಿನ ಬೇರೆ ಯಾವ ಕೆಲಸಕ್ಕೂ ಒಪ್ಕೋಬೇಡಿ.

2. ತಾರೀಕಿನ ಕೆಲಸ

ಫಸಲ್ ಬಿಮಾ ನೋಂದಣಿಗೆ ಬೆಳೆವಾರು ಕೊನೆ ದಿನ ಬೇರೆ ಬೇರೆ. ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ರೈತರ ಕಂತು ವಿಮಾ ಮೊತ್ತದ ಶೇ. 2. ಕಿತ್ತು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೂ 14 ದಿನದವರೆಗೆ ಅಕಾಲಿಕ ಮಳೆಯಿಂದ ರಕ್ಷಣೆ ಉಂಟು. ನಷ್ಟವಾದರೆ 72 ಗಂಟೆಯೊಳಗೆ 14447ಕ್ಕೆ ಕರೆ ಮಾಡಿ, ಹೊಲದ ಫೋಟೋ ತೆಗೆದಿಡಿ. ಸಾಲದ ಗಡುವು, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಬೆಳೆ ದಾಖಲಿಸೋದು ಇದೇ ಗುಂಪಿಗೆ ಸೇರುತ್ತೆ. ಪ್ರತಿಯೊಂದಕ್ಕೂ ಎರಡು ಅಲಾರಂ: ಒಂದು ವಾರ ಮೊದಲು, ಇನ್ನೊಂದು ಎರಡು ದಿನ ಮೊದಲು.

3. ಬೇರೆಯವರೂ ಮಾಡಬಹುದಾದ ಕೆಲಸ

ನನ್ನ ದೊಡ್ಡ ತಪ್ಪು ಇಲ್ಲೇ ಇತ್ತು. ಡೇರಿಗೆ ಹಾಲು ಪಕ್ಕದ ಮನೆ ಹುಡುಗನೂ ಹಾಕಬಹುದಿತ್ತು. ವಿಮೆಯ ಫೋನ್ ತಂಗಿ ಮಾಡಬಹುದಿತ್ತು. ನಮ್ಮ ಕಡೆ ಮುಯ್ಯಾಳು ಪದ್ಧತಿ ಹಳೇದು. ಕಷ್ಟ ಬಂದಾಗ ಕೇಳೋಕೆ ನಾಚಿಕೆ ಬೇಡ, ಅವರ ಹೊಲಕ್ಕೆ ನಾವು ಹೋದರೆ ಲೆಕ್ಕ ಸರಿಹೋಗುತ್ತೆ. ಆಧಾರ್, ಪಹಣಿ, ವಿಮೆ ರಸೀದಿಗಳ ಫೋಟೋ ಮನೆಯವರ ಇನ್ನೊಂದು ಫೋನಿನಲ್ಲೂ ಇರಲಿ. ನೀವಿಲ್ಲದಿದ್ದರೂ ಕೆಲಸ ನಿಲ್ಲಬಾರದು.

ಭಾನುವಾರ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಹತ್ತು ನಿಮಿಷ ಕೂತು ಈ ವಾರದ ಮೂರೂ ಗುಂಪು ಬರೆದ್ಕೊಳ್ತೀವಿ. ಯಾರು, ಯಾವತ್ತು ಅಂತ ಹೆಸರು ಹಾಕ್ತೀವಿ. ಈ ವಾರ ಮಾಡದಿದ್ದರೂ ನಡೆಯೋ ಕೆಲಸವನ್ನ ಅಲ್ಲೇ ಹೊಡೆದು ಹಾಕ್ತೀವಿ. ಅದರಿಂದಲೇ ತಲೆಭಾರ ಅರ್ಧ ಇಳಿಯುತ್ತೆ.

ಇನ್ನೊಂದು ಮಾತು. ಆ ಹದಿನೈದು ದಿನ ನನಗೆ ನಿದ್ದೆ ಇರಲಿಲ್ಲ, ಯಾರ ಹತ್ರಾನೂ ಹೇಳ್ಕೊಳ್ಳಲೂ ಇಲ್ಲ. ನಿದ್ದೆ ಬಾರದೆ, ಯಾವುದೂ ಬೇಡ ಅನ್ನಿಸೋಕೆ ಶುರುವಾದರೆ ಅದನ್ನೂ ಬೆಳೆ ಕಾಯದ ಕೆಲಸದಷ್ಟೇ ತುರ್ತು ಅಂತ ತಿಳೀರಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈಗಲೇ 14447 ಮತ್ತು 14416, ಎರಡೂ ನಂಬರ್ ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ. ಆಮೇಲೆ ಮಾಡೋಣ ಅಂದ್ಕೊಂಡು ನಾನು ಕಳ್ಕೊಂಡಿದ್ದು ಸಾಕು.