ಹಲ್ಲಿನ ದವಾಖಾನೆಯಲ್ಲಿ ಕೇಳಬೇಕಾದ ಮಾತು



ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ನಮ್ಮ ಬಶೀರಾಬಾದ್, ತಾಂಡೂರು ಸೀಮೆಯಲ್ಲಿ ಕಡಲೆಗೇನೂ ಕೊರತೆಯಿಲ್ಲ. ಇಲ್ಲಿಯ ತೊಗರಿಗಂತೂ 2022ರಲ್ಲಿ ‘ತಾಂಡೂರು ತೊಗರಿ’ ಎಂದು ಭೌಗೋಳಿಕ ಗುರುತಿನ ಮಾನ್ಯತೆಯೇ ದೊರೆತಿದೆ. ಊಟಕ್ಕೆ ಜೋಳದ ಖಡಕ್ ರೊಟ್ಟಿ ಇದೆ. ಆದರೂ ನನ್ನ ಮನೆಯಾಕೆ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ, ಬಲಗಡೆಯಲ್ಲಿ ಮಾತ್ರ ಅಗಿದು ಉಣ್ಣುತ್ತಾಳೆ. ಎಡಗಡೆಯ ಕೆಳಗಿನ ಎರಡು ದವಡೆ ಹಲ್ಲುಗಳು ಇಲ್ಲ. ಅವುಗಳಲ್ಲಿ ಒಂದು ಹಲ್ಲು ಸುಮ್ಮನೆ ಹೋಯಿತು. ಅದು ಹೋದದ್ದರಲ್ಲಿ ಅರ್ಧ ತಪ್ಪು ನನ್ನದು. ಆ ತಪ್ಪು ತಮ್ಮಿಂದ ಆಗಬಾರದೆಂದು ಈ ನಾಲ್ಕು ಮಾತು.

ನಾನು ಬ್ಯಾಂಕಿನಲ್ಲಿ ಕಾರಕೂನನಾಗಿದ್ದವನು. ಓದಿದ್ದು ಮೆಟ್ರಿಕ್‌ವರೆಗೆ. ಡಾಕ್ಟರಿಕೆ ನನಗೆ ತಿಳಿಯದು. ಆದರೆ ಒಂದು ಕೆಲಸ ಮಾತ್ರ ಚೆನ್ನಾಗಿ ತಿಳಿದಿತ್ತು. ಸಾಲಕ್ಕೆ ಬಂದವರು ಓದು ಬಾರದವರಾದರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಕಾಗದದಲ್ಲಿ ಏನಿದೆ ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ‘ತಿಳೀತೇನ್ರೀ?’ ಎಂದು ಕೇಳಿ, ತಿಳಿಯಿತು ಎಂದ ಮೇಲೆಯೇ ಮಸಿಯ ಪ್ಯಾಡು ಮುಂದೆ ಸರಿಸಬೇಕು. ಕೌಂಟರಿನ ಹಿಂದೆ ಕುಳಿತಾಗ ಇಷ್ಟೆಲ್ಲ ಮಾಡುತ್ತಿದ್ದ ನಾನು, ಹಲ್ಲಿನ ಕುರ್ಚಿಯ ಪಕ್ಕ ನಿಂತಾಗ ಏನೂ ಕೇಳಲಿಲ್ಲ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಮನೆಯಾಕೆಯ ತವರು ಸೇಡಂ ಕಡೆ. ತೆಲುಗು ಆಕೆಗೆ ಸಂತೆಯ ಮಟ್ಟಿಗೆ ಮಾತ್ರ. ಒಂದು ಪಟ್ಟಣದ ದವಾಖಾನೆಗೆ ಕರೆದುಕೊಂಡು ಹೋದೆ. ಆಕೆ, ‘ಬಿಸಿ ಚಾ ಕುಡದ್ರ ಸೆಳಿತದ, ಭಾಳ ಹೊತ್ತು ನಿಲ್ಲೂದಿಲ್ಲ, ರಾತ್ರಿ ಮಲಕೊಂಡ್ರ ಕಿವಿತನಕ ಹೊಡಿತದ, ಯಾವ ಹಲ್ಲಂತ ತಿಳೀವಲ್ದು’ ಎಂದಳು. ಡಾಕ್ಟರರು ತೆಲುಗಿನವರು. ‘ಏಮಂಟುಂದಿ?’ ಎಂದು ನನ್ನನ್ನು ಕೇಳಿದರು. ನಾನು ದೊಡ್ಡ ದುಭಾಷಿಯಂತೆ, ‘ಎಡಮ ವೈಪು ಕಿಂದ ಪನ್ನು ನೊಪ್ಪಿ’ ಎಂದೆ. ಎಡಗಡೆ ಕೆಳಗೆ ಹಲ್ಲುನೋವು, ಅಷ್ಟೆ. ಅವರು ಒಂದು ಹುಳುಕು ಹಲ್ಲು ಕಂಡು ಅದನ್ನು ಕಿತ್ತರು. ಆ ರಾತ್ರಿಯೂ ಅದೇ ಸೆಳೆತ. ಎಂಟು ದಿನಕ್ಕೆ ಪಕ್ಕದ ಹಲ್ಲನ್ನೂ ಕಿತ್ತರು. ಆಗ ನೋವು ನಿಂತಿತು. ಅಂದರೆ ನೋಯುತ್ತಿದ್ದದ್ದು ಎರಡನೆಯದು.

ಆಕೆ ಹೇಳಿದ ಒಂದೊಂದು ಮಾತಿಗೂ ಅರ್ಥವಿತ್ತು. ಹಲ್ಲಿನ ಮೇಲ್ಗಡೆ ಬಿಳಿಯ ಗಟ್ಟಿ ಕವಚವಿದೆ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಅದರೊಳಗೆ ದಂತದ್ರವ್ಯ, ಅದರ ನಡುವೆ ರಕ್ತನಾಳ ಮತ್ತು ನರಗಳಿರುವ ಮೆತ್ತನೆಯ ತಿರುಳು. ನಾವು ಕನ್ನಡದಲ್ಲಿ ಹುಳುಕು ಹಲ್ಲು ಎನ್ನುತ್ತೇವೆ, ತೆಲುಗಿನಲ್ಲಿ ಪಿಪ್ಪಿ ಪನ್ನು ಎನ್ನುತ್ತಾರೆ. ಹುಳುಕು ಎಂಬ ಮಾತಿನಿಂದಲೇ ಹಲ್ಲಿನಲ್ಲಿ ಹುಳವಿದೆ ಎಂದು ಅನೇಕರು ನಂಬಿದ್ದಾರೆ. ಜಾತ್ರೆಯಲ್ಲಿ ಹುಳ ತೆಗೆದು ತೋರಿಸುವವರೂ ಇದ್ದರು. ಹುಳವಿಲ್ಲ. ಬಾಯಲ್ಲಿರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ. ಆ ಆಮ್ಲ ಕವಚವನ್ನು ಕರಗಿಸುತ್ತ ಒಳಗೆ ಇಳಿಯುತ್ತದೆ.

ತಣ್ಣೀರು ತಾಗಿದಾಗ ಝುಮ್ ಎಂದು ಕೂಡಲೇ ನಿಂತರೆ, ಸಾಮಾನ್ಯವಾಗಿ ತಿರುಳು ಇನ್ನೂ ಚೆನ್ನಾಗಿದೆ ಎಂದು ಲೆಕ್ಕ. ಕುಳಿಯನ್ನು ಶುಚಿ ಮಾಡಿ ತುಂಬಿದರೆ ಸಾಕಾಗಬಹುದು. ಬಿಸಿಗೆ ಸೆಳೆದು ಬಹಳ ಹೊತ್ತು ಉಳಿದರೆ, ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚಿ ನೋವು ಏರಿದರೆ, ತಿರುಳು ಬಾತಿದೆ ಎಂಬ ಸೂಚನೆ. ಹೀಗೆ ಬಾತ ತಿರುಳಿನ ನೋವು ಯಾವ ಹಲ್ಲಿನದೆಂದು ರೋಗಿಗೇ ತಿಳಿಯುವುದಿಲ್ಲ. ಪಕ್ಕದ ಹಲ್ಲಿಗೆ, ಕಿವಿಗೆ, ಕೆಲವೊಮ್ಮೆ ಎದುರು ಸಾಲಿಗೂ ಹರಿಯುತ್ತದೆ. ಆದ್ದರಿಂದ ಡಾಕ್ಟರರು ಒಂದೊಂದು ಹಲ್ಲನ್ನೂ ತಟ್ಟಿ, ತಣ್ಣಗಿನದನ್ನು ತಾಗಿಸಿ, ಎಕ್ಸ್‌ರೇ ನೋಡಿ ನಿರ್ಧರಿಸಬೇಕು. ನಾನು ಸೆಳೆತ, ಹೊಡೆತ, ಝುಮ್ ಎಲ್ಲವನ್ನೂ ಒಂದೇ ‘ನೊಪ್ಪಿ’ಯಲ್ಲಿ ಕಟ್ಟಿ ಕೊಟ್ಟೆ. ಅವರೂ ಮುಂದೆ ಕೇಳಲಿಲ್ಲ. ಉಳಿದರ್ಧ ತಪ್ಪು ಅವರದು.

ಇದು ನಮ್ಮ ಒಬ್ಬರ ಮನೆಯ ಕಥೆಯಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲಿಯೇ ಇದ್ದವು. ಗಡಿ ಸರಿಯಿತು. ಒಲೆಯ ಮುಂದಿನ ಮಾತು ಸರಿಯಲಿಲ್ಲ. ಮನೆಯಲ್ಲಿ ಹಲ್ಲಬ್ಯಾನಿ, ಬಜಾರಿನಲ್ಲಿ ಪನ್ನು ನೊಪ್ಪಿ, ತಾಂಡೂರಿನ ಅಂಗಡಿಯಲ್ಲಿ ದಾಂತ್ ಕಾ ದರ್ದ್. ವ್ಯವಹಾರಕ್ಕೆ ನಮಗೆ ಮೂರು ಭಾಷೆಯೂ ಸಾಕು. ಆದರೆ ನೋವನ್ನು ಹೇಳಿಕೊಳ್ಳುವುದಕ್ಕೆ ಮನುಷ್ಯನಿಗೆ ತಾಯಿಮಾತೇ ಬೇಕಾಗುತ್ತದೆ.

ಮುಂದೆ ಕೆಲವು ವರ್ಷಗಳಾದ ಮೇಲೆ ಆಕೆಗೆ ಬಲಗಡೆ ನೋವು ಬಂತು. ಈ ಸಲ ಬೇರೆ ಕಡೆ ಹೋದೆವು. ಒಂದೇ ಕುರ್ಚಿಯ ಸಣ್ಣ ಕ್ಲಿನಿಕ್ಕು. ಡಾಕ್ಟರರು ಚಿಕ್ಕ ವಯಸ್ಸಿನವರು, ಅವರೂ ತೆಲುಗಿನವರೇ. ನಾನು ಎಂದಿನಂತೆ ಬಾಯಿ ಹಾಕಿದೆ. ಅವರು ನಕ್ಕು, ‘ಅಂಕಲ್, ನೀವು ಕೂತ್ಕೊಳ್ಳಿ, ಅಮ್ಮ ಹೇಳ್ಲಿ’ ಎಂದು ತಮ್ಮ ಮುರುಕು ಕನ್ನಡದಲ್ಲಿಯೇ ಕೇಳತೊಡಗಿದರು. ಬಿಸಿಗೋ, ತಣ್ಣಗೋ? ಎಷ್ಟು ಹೊತ್ತು? ರಾತ್ರಿ ಎಚ್ಚರವಾಗುತ್ತದೋ? ಆಕೆ ‘ಡಾಕ್ಟರಪ್ಪಾ’ ಎನ್ನುತ್ತ ಎಲ್ಲ ಹೇಳಿದಳು. ತಿಳಿಯದ ಮಾತಿಗೆ ಮಾತ್ರ ನನ್ನ ಮುಖ ನೋಡಿದರು.

ಆಮೇಲೆ ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ, ಹೃದಯಕ್ಕೆ ಏನಾದರೂ ಮಾತ್ರೆ ಉಂಟೇ, ಹಿಂದೆ ಯಾವುದಾದರೂ ಔಷಧಿ ಮೈಗೆ ಒಗ್ಗದೆ ಹೋಗಿತ್ತೇ ಎಂದು ಬರೆದುಕೊಂಡರು. ಹಲ್ಲಿಗೂ ಸಕ್ಕರೆ ಕಾಯಿಲೆಗೂ ಏನು ಸಂಬಂಧ ಎನ್ನಬೇಡಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ, ಒಸಡಿನ ರೋಗ ಹೆಚ್ಚುತ್ತದೆ. ಒಸಡಿನ ರೋಗ ಹೆಚ್ಚಿದರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟವಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮುಚ್ಚಿಡಬಾರದು. ತಾವಾಗಿಯೇ ನಿಲ್ಲಿಸಲೂಬಾರದು. ಹೆಣ್ಣುಮಕ್ಕಳು ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು.

ಆಕೆಯ ಕೈಗೆ ಕನ್ನಡಿ ಕೊಟ್ಟು ಹಲ್ಲನ್ನು ತೋರಿಸಿದರು. ಎಕ್ಸ್‌ರೇ ಹಿಡಿದು, ಇದು ಬೇರು, ಇದು ತಿರುಳು ಎಂದರು. ದಾರಿ ಮೂರು ಎಂದರು. ಬೇರಿನ ನಾಳವನ್ನು ಶುಚಿ ಮಾಡಿ ತುಂಬುವುದು, ಅಂದರೆ ರೂಟ್ ಕೆನಾಲ್, ಆಮೇಲೆ ಮೇಲೊಂದು ಟೊಪ್ಪಿಗೆ. ಎರಡನೆಯದು ಕೀಳುವುದು. ಮೂರನೆಯದು ಏನೂ ಮಾಡದೆ ಬಿಡುವುದು. ಬಿಟ್ಟರೆ ಕೀವಾಗಿ ಮುಖ ಬಾಯುವ ಅಪಾಯ. ಕಿತ್ತರೆ ಇವತ್ತು ಖರ್ಚು ಕಡಿಮೆ, ಆದರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ, ಅಗಿಯುವ ಪಕ್ಕ ಹೋಗುತ್ತದೆ. ಎಷ್ಟು ಸಲ ಬರಬೇಕು, ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಟ್ಟು, ‘ಮನೆಗೆ ಹೋಗಿ ಯೋಚ್ನೆ ಮಾಡಿ ಬನ್ನಿ’ ಎಂದರು. ನೋವಿಗೆ ಮಾತ್ರೆ ಬರೆದರು. ಇನ್ನೊಂದು ಹಲ್ಲಿನಲ್ಲಿ ಕಪ್ಪು ಗೆರೆಯಿತ್ತು. ಅದನ್ನು ನಾನೇ ತೋರಿಸಿದೆ. ‘ಇದಕ್ಕೆ ಈಗ ಏನೂ ಬೇಡ, ಆರು ತಿಂಗಳಿಗೆ ನೋಡೋಣ’ ಎಂದರು.

ಈ ಕೊನೆಯ ಮಾತನ್ನು ನಾನು ಬ್ಯಾಂಕಿನವನ ಕಣ್ಣಿನಿಂದ ನೋಡಿದೆ. ಸ್ವಂತ ಕ್ಲಿನಿಕ್ಕು ಇಟ್ಟವರಿಗೆ ತಿಂಗಳ ಪಗಾರವಿಲ್ಲ. ಕುರ್ಚಿ, ಯಂತ್ರ, ಕರೆಂಟು, ಬಾಡಿಗೆ, ಹಲ್ಲು ಮಾಡಿಕೊಡುವ ಲ್ಯಾಬಿನ ಬಿಲ್ಲು ಎಲ್ಲವೂ ರೋಗಿಯ ಕೆಲಸದಿಂದಲೇ ಹುಟ್ಟಬೇಕು. ಸಾಲದ ಕಂತು ಬೇರೆ ಇರುತ್ತದೆ. ಅಂಥವರು ‘ಇದಕ್ಕೆ ಏನೂ ಬೇಡ’ ಎಂದರೆ ಅಷ್ಟು ಹಣವನ್ನು ಕೈಯಾರೆ ಬಿಟ್ಟಂತೆ. ಆದರೆ ಅದೇ ಮಾತಿನಿಂದ ಆ ಕುಟುಂಬ ಹತ್ತಾರು ವರ್ಷ ಅವರ ಬಾಗಿಲಿಗೇ ಬರುತ್ತದೆ. ನಾವೂ ಹಾಗೆಯೇ ಹೋಗುತ್ತಿದ್ದೇವೆ. ನಂಬಿಕೆಯ ಠೇವಣಿ ನಿಧಾನವಾಗಿ ಬೆಳೆಯುತ್ತದೆ, ಆದರೆ ಮುಳುಗುವುದಿಲ್ಲ.

ಕೆಲಸ ಶುರುವಾಗುವ ಮೊದಲು ಅವರು ಹೇಳಿದ್ದು: ‘ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ.’ ಆಕೆ ಎರಡು ಸಲ ಎತ್ತಿದಳು. ಎರಡು ಸಲವೂ ನಿಲ್ಲಿಸಿದರು. ಬಾಯಿ ತೆರೆದು ಕುಳಿತವರಿಗೆ ಮಾತಾಡಲು ಬಾರದು. ಆ ಎಡಗೈಯೇ ಅವರ ಮಾತು.

ನೋವಾಗಬಾರದೆಂಬ ಈ ಕಾಳಜಿ ಹಲ್ಲಿನ ವೈದ್ಯರಿಗೆ ಹೊಸದಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಹೊರೇಸ್ ವೆಲ್ಸ್ ಎಂಬ ಹಲ್ಲಿನ ವೈದ್ಯರಿದ್ದರು. ನಗೆ ಅನಿಲ ಸೇದಿದರೆ ನೋವು ತಿಳಿಯುವುದಿಲ್ಲ ಎಂಬುದನ್ನು ಪರೀಕ್ಷಿಸಲು 1844ರ ಡಿಸೆಂಬರ್ 11ರಂದು ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. ಇಂದು ಒಸಡಿಗೆ ಕೊಡುವ ಲಿಗ್ನೊಕೇನ್ ಸೂಜಿಮದ್ದನ್ನು ಸ್ವೀಡನ್ನಿನಲ್ಲಿ 1943ರಲ್ಲಿ ಸಿದ್ಧಪಡಿಸಿದರು. ನಮ್ಮ ದೇಶದಲ್ಲಿ ಡಾಕ್ಟರ್ ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತ ವೈದ್ಯಕೀಯ ಕಾಲೇಜು ತೆರೆದರು. 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಹೆಸರು ನೋಂದಾಯಿಸದವರು ಹಲ್ಲಿನ ವೈದ್ಯ ಮಾಡುವಂತಿಲ್ಲ. ಸಂತೆಯಲ್ಲಿ ಕುಳಿತು, ಇರುವ ಹಲ್ಲಿಗೆ ಪ್ಲಾಸ್ಟಿಕ್ಕಿನಂಥ ಹಲ್ಲನ್ನು ಅಂಟಿಸಿ ಕೊಡುವವರ ಹತ್ತಿರ ದಯವಿಟ್ಟು ಹೋಗಬೇಡಿ. ಅದರ ಕೆಳಗೆ ಒಸಡು ಕೊಳೆತು, ಗಟ್ಟಿಯಿದ್ದ ಪಕ್ಕದ ಹಲ್ಲುಗಳೂ ಅಲುಗಾಡುತ್ತವೆ. ಗೋಡೆಯ ಮೇಲೆ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವುದು ಅನುಮಾನವಲ್ಲ, ವ್ಯವಹಾರ.

ಹಾಗೆಯೇ ಸಲಕರಣೆಯ ಶುಚಿ. ಒಬ್ಬರ ಬಾಯಿಯ ರಕ್ತ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್-ಬಿ ಎಂಬ ಕಾಮಾಲೆ ಹರಡಬಹುದು. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಸಾಲದು. ಕುಕ್ಕರಿನಂತೆ ಒತ್ತಡದ ಉಗಿಯಲ್ಲಿ ಕಾಯಿಸುವ ಆಟೊಕ್ಲೇವ್ ಎಂಬ ಯಂತ್ರವಿದೆ. ಅದರಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ಇಡಬೇಕು. ಒಳ್ಳೆಯ ಕ್ಲಿನಿಕ್ಕಿನಲ್ಲಿ ಸಲಕರಣೆಯ ಪೊಟ್ಟಣವನ್ನು ನಮ್ಮ ಮುಂದೆಯೇ ಒಡೆಯುತ್ತಾರೆ, ಕೈಗವಸು ಬದಲಿಸುತ್ತಾರೆ, ಸೂಜಿ ಹೊಸದಿರುತ್ತದೆ.

ಇಷ್ಟೆಲ್ಲ ಕೇಳಿದರೆ ಡಾಕ್ಟರರಿಗೆ ಸಿಟ್ಟು ಬಂದೀತು ಎಂಬ ಅಂಜಿಕೆ ನಮ್ಮವರಿಗಿದೆ. 2008ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಚಿಕಿತ್ಸೆ ಯಾವುದು, ಅದರ ಲಾಭವೇನು, ಅಪಾಯವೇನು, ಬೇರೆ ದಾರಿ ಯಾವುದು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ಸಾಕಷ್ಟು ತಿಳಿಸಿಯೇ ರೋಗಿಯ ಒಪ್ಪಿಗೆ ಪಡೆಯಬೇಕೆಂದು ಹೇಳಿದೆ. ನಾವು ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಮೊದಲು ಓದಿ ಹೇಳುತ್ತಿದ್ದೆವಲ್ಲ, ಅದೇ ನ್ಯಾಯ. ಸಾಲದ ಕಾಗದ ತಪ್ಪಾದರೆ ಹರಿದು ಬೇರೆ ಬರೆಯಬಹುದು. ಕಿತ್ತ ಹಲ್ಲು ತಿರುಗಿ ಬರುವುದಿಲ್ಲ.

ಕ್ಲಿನಿಕ್ಕಿನ ಖರ್ಚು ಹೊರೆಯಾದರೆ ಸುಮ್ಮನೆ ಕಿತ್ತು ಹಾಕಿಸಬೇಡಿ. ಹೈದರಾಬಾದಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಈ ಕಡೆ ಕಲಬುರಗಿಯಲ್ಲೂ ದಂತ ಕಾಲೇಜುಗಳಿವೆ. ಅಲ್ಲಿ ಕಲಿಯುವವರು ಗುರುಗಳ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ ಹಿಡಿಯುತ್ತದೆ. ಅಲ್ಲಿಗೆ ಹೋಗುವವರೆಗೆ ಲವಂಗದ ಎಣ್ಣೆ ಸ್ವಲ್ಪ ಹಚ್ಚಬಹುದು. ನೋವಿನ ಮಾತ್ರೆಯನ್ನು ಮಾತ್ರ ಒಸಡಿನ ಮೇಲೆ ಇಟ್ಟುಕೊಳ್ಳಬೇಡಿ, ಒಸಡು ಸುಡುತ್ತದೆ. ಗುಟ್ಕಾ, ತಂಬಾಕು ಹಾಕುವವರು ಬಾಯಲ್ಲಿ ಬಿಳಿ ಮಚ್ಚೆ ಕಂಡರೆ, ಬಾಯಿ ಮೊದಲಿನಷ್ಟು ಅಗಲ ತೆರೆಯದಿದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ತೋರಿಸಿಬಿಡಿ.

ಕೊನೆಗೆ ಮೂರೇ ಪ್ರಶ್ನೆ. ಎರಡು ಭಾಷೆಯಲ್ಲೂ ಹೇಳುತ್ತೇನೆ, ಬಾಯಿಪಾಠ ಮಾಡಿಕೊಳ್ಳಿ. ಈ ಹಲ್ಲು ಉಳಿಸಬಹುದೇ? ಈ ಪನ್ನು ಉಂಚುಕೋವಚ್ಚಾ? ತೆಗೆಸದಿದ್ದರೆ ಏನಾಗುತ್ತದೆ? ತೀಯಕಪೋತೆ ಏಮವುತುಂದಿ? ಎಷ್ಟು ಸಲ ಬರಬೇಕು, ಎಷ್ಟಾಗುತ್ತದೆ? ಎನ್ನಿ ಸಾರ್ಲು ರಾವಾಲಿ, ಎಂತ ಅವುತುಂದಿ? ಒಳ್ಳೆಯ ಡಾಕ್ಟರರು ಈ ಮಾತಿಗೆ ಸಿಟ್ಟಾಗುವುದಿಲ್ಲ, ಕುರ್ಚಿ ಎಳೆದು ಕುಳಿತು ಹೇಳುತ್ತಾರೆ. ಮನೆಯ ಹಿರಿಯರನ್ನು ಕರೆದುಕೊಂಡು ಹೋದಾಗ ದುಭಾಷಿಯಾಗಿ ಮುಂದೆ ನಿಲ್ಲಬೇಡಿ. ಅವರ ನೋವನ್ನು ಅವರ ಮಾತಿನಲ್ಲಿಯೇ ಪೂರ್ತಿ ಹೇಳಲು ಬಿಡಿ, ಆಮೇಲೆ ಒಂದು ಮಾತೂ ಬಿಡದೆ ದಾಟಿಸಿ.

ನನ್ನ ಮನೆಯಾಕೆ ಬಲಗಡೆಯಲ್ಲಿ ಇಂದಿಗೂ ರೊಟ್ಟಿ ಅಗಿಯುತ್ತಾಳೆ. ಆ ಹಲ್ಲು ಉಳಿದದ್ದು ಆ ದಿನ ನಾನು ಸುಮ್ಮನೆ ಕುಳಿತದ್ದರಿಂದ.