ಹಲ್ಲನ್ನು ನಡೆಸುವ ಪಾರದರ್ಶಕ ಕವಚ

ನಗುವಾಗ ಬಾಯಿಗೆ ಕೈಯನ್ನು ಅಡ್ಡ ಹಿಡಿಯುವ ವಿದ್ಯಾರ್ಥಿಗಳನ್ನು ತರಗತಿಗಳಲ್ಲಿ ನಾವು ಆಗಾಗ ಕಾಣುವೆವು. ಹಲ್ಲಿನ ಸಾಲು ವಕ್ರವಾಗಿರುವುದೇ ಈ ಸಂಕೋಚಕ್ಕೆ ಅನೇಕ ವೇಳೆ ಕಾರಣ. ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಒಂದರ ಮೇಲೊಂದು ಏರಿ ನಿಂತ ಹಲ್ಲುಗಳ ಸಂದಿಯನ್ನು ಶುಚಿಯಾಗಿಡುವುದೂ ಕಷ್ಟವೇ. ಇಂತಹ ಹಲ್ಲುಗಳನ್ನು ಸಾಲಿಗೆ ತರಲು ಲೋಹದ ತಂತಿಯ ಕಟ್ಟು ಬಹುಕಾಲದಿಂದ ಬಳಕೆಯಲ್ಲಿದೆ. ಈಗ ಅದರ ಜೊತೆಗೆ ‘ಅಲೈನರ್’ ಎಂಬ ಮತ್ತೊಂದು ಸಾಧನ ಪ್ರಚಾರಕ್ಕೆ ಬಂದಿದೆ. ಒಂದು ಮಿಲಿಮೀಟರಿಗಿಂತಲೂ ತೆಳುವಾದ, ಬೇಕೆಂದಾಗ ತೆಗೆದಿಡಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಕವಚವಿದು. ಕಬ್ಬನ್ನು ಸಿಗಿಯಬಲ್ಲ ಹಲ್ಲನ್ನು ಇಷ್ಟು ತೆಳುವಾದ ಹಾಳೆ ಕದಲಿಸುವುದಾದರೂ ಹೇಗೆ?

ಹಲ್ಲು ನೆಟ್ಟ ಕಂಬವಲ್ಲ

ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ದವಡೆಯಲ್ಲಿ ನಾಟಿಕೊಂಡಿದೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವೊಂದಿದೆ. ತೂಗುಮಂಚವನ್ನು ಸರಪಳಿಗಳು ಹಿಡಿದಿರುವಂತೆ ಈ ನಾರುಗಳು ಹಲ್ಲನ್ನು ಹಿಡಿದಿವೆ. ಹಲ್ಲನ್ನು ಒಂದು ಕಡೆಗೆ ಮೃದುವಾಗಿ, ಆದರೆ ಬಹುಕಾಲ ಒತ್ತುತ್ತಿದ್ದರೆ, ಒತ್ತಡ ಬಿದ್ದ ಕಡೆಯಲ್ಲಿ ಕೆಲವು ಜೀವಕಣಗಳು ಎಲುಬನ್ನು ಕರಗಿಸುವುವು. ನಾರುಗಳು ಎಳೆಯಲ್ಪಟ್ಟ ಕಡೆಯಲ್ಲಿ ಬೇರೆ ಜೀವಕಣಗಳು ಹೊಸ ಎಲುಬನ್ನು ಕಟ್ಟುವುವು. ನದಿಯು ತಿರುವಿನಲ್ಲಿ ಒಂದು ದಂಡೆಯನ್ನು ಕೊರೆದು, ಎದುರು ದಂಡೆಯಲ್ಲಿ ಮರಳನ್ನು ಶೇಖರಿಸಿ, ತಾನೇ ಪಕ್ಕಕ್ಕೆ ಸರಿಯುವುದಿಲ್ಲವೆ? ಹಲ್ಲಿನ ನಡಿಗೆಯೂ ಅಂಥದೇ. ಕಾರ್ಲ್ ಸ್ಯಾಂಡ್‌ಸ್ಟೆಡ್ ಎಂಬ ವಿಜ್ಞಾನಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, 1904ರ ವೇಳೆಗೇ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದನು.

ಹಾಗಾದರೆ ಹೆಚ್ಚು ಬಲವನ್ನು ಪ್ರಯೋಗಿಸಿದರೆ ಹಲ್ಲು ಬೇಗ ಸರಿಯಬೇಕಲ್ಲವೆ? ಇಲ್ಲ. ಈ ಒತ್ತಡವು ಅತಿ ಸಣ್ಣ ರಕ್ತನಾಳಗಳೊಳಗಿನ ಒತ್ತಡವನ್ನು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 20ರಿಂದ 26 ಗ್ರಾಂ ತೂಕದಷ್ಟನ್ನು, ಮೀರಬಾರದೆಂದು ಶ್ವಾರ್ಟ್ಸ್ ಎಂಬಾತನು 1932ರಲ್ಲಿ ಸೂಚಿಸಿದನು. ಮೀರಿದರೆ ರಕ್ತಸಂಚಾರ ತಡೆದು, ಆ ಭಾಗದ ಜೀವಕಣಗಳು ಸಾಯುವುವು. ಹಲ್ಲಿನ ಚಲನೆಯೇ ನಿಂತುಹೋಗುವುದು. ಇಲ್ಲಿ ಆತುರವೇ ವಿಳಂಬಕ್ಕೆ ಕಾರಣ.

ಹಳೆಯ ಭಾವನೆ, ಹೊಸ ಸಾಧನ

ಅಮೆರಿಕದ ದಂತವೈದ್ಯ ಹೆರಾಲ್ಡ್ ಕೆಸ್ಲಿಂಗ್, 1945ರಲ್ಲಿ ಮೇಣದಲ್ಲಿ ಹಲ್ಲುಗಳನ್ನು ಸರಿಯಾಗಿ ಜೋಡಿಸಿ, ಆ ಮಾದರಿಗೆ ಒಪ್ಪುವ ರಬ್ಬರಿನ ಸಾಧನವನ್ನು ಮಾಡಿದನು. ಇಂತಹವನ್ನು ಒಂದಾದ ಮೇಲೊಂದು ತೊಡಿಸುತ್ತ ಹೋದರೆ ಹಲ್ಲುಗಳನ್ನು ಇನ್ನೂ ದೂರ ಸರಿಸಬಹುದೆಂದು ಆತ ಊಹಿಸಿದ್ದನು. ಆದರೆ ಒಬ್ಬೊಬ್ಬ ರೋಗಿಗೂ ಹತ್ತಾರು ಮಾದರಿಗಳನ್ನು ಕೈಯಿಂದ ಮಾಡುವವರು ಯಾರು? ಈ ತೊಡಕನ್ನು ಬಿಡಿಸಿದುದು ಗಣಕಯಂತ್ರ ಮತ್ತು ಮೂರು ಆಯಾಮದ ಮುದ್ರಣ. ಬೆಳಕಿನಿಂದ ದ್ರವ ರಾಳವನ್ನು ಪದರಪದರವಾಗಿ ಗಟ್ಟಿಗೊಳಿಸುವ ವಿಧಾನಕ್ಕೆ ಚಾರ್ಲ್ಸ್ ಹಲ್ 1986ರಲ್ಲಿ ಪೇಟೆಂಟ್ ಪಡೆದನು. 1997ರಲ್ಲಿ ಜಿಯಾ ಚಿಷ್ಟಿ ಮತ್ತು ಕೆಲ್ಸಿ ವರ್ತ್ ಎಂಬಿಬ್ಬರು ಕ್ಯಾಲಿಫೋರ್ನಿಯದಲ್ಲಿ ಅಲೈನರುಗಳನ್ನು ತಯಾರಿಸುವ ಸಂಸ್ಥೆಯನ್ನು ಆರಂಭಿಸಿದರು.

ಯೋಜನೆ ಮತ್ತು ತಯಾರಿಕೆ

ಮೊದಲು ದಂತವೈದ್ಯನು ಬೆಳಕನ್ನು ಬೀರುವ ಸಣ್ಣ ಸ್ಕ್ಯಾನರನ್ನು ಬಾಯೊಳಗೆ ಆಡಿಸುವನು. ಹಲ್ಲಿನ ಮೇಲ್ಮೈ ಅಸಂಖ್ಯಾತ ಪುಟ್ಟ ತ್ರಿಕೋನಗಳ ಬಲೆಯಾಗಿ ಗಣಕಯಂತ್ರದಲ್ಲಿ ಮೂಡುವುದು. ಅಲ್ಲಿ ಪ್ರತಿಯೊಂದು ಹಲ್ಲನ್ನೂ ಬೇರ್ಪಡಿಸಿ, ಅದು ಕೊನೆಗೆ ನಿಲ್ಲಬೇಕಾದ ಜಾಗವನ್ನು ಗೊತ್ತುಮಾಡುವರು. ಬಳಿಕ ಈ ದಾರಿಯನ್ನು ಸಣ್ಣ ಹೆಜ್ಜೆಗಳಾಗಿ ವಿಭಾಗಿಸುವರು. ಒಂದು ಹೆಜ್ಜೆ ಸಾಮಾನ್ಯವಾಗಿ ಸುಮಾರು 0.25 ಮಿ.ಮೀ. ಹಲ್ಲು 5 ಮಿ.ಮೀ. ಸರಿಯಬೇಕಾದರೆ 20 ಹೆಜ್ಜೆ, 20 ಕವಚ.

ಪ್ರತಿ ಹೆಜ್ಜೆಗೂ ದವಡೆಯ ಒಂದೊಂದು ಮಾದರಿಯನ್ನು ಮುದ್ರಿಸಿ, ಕಾಯಿಸಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಗಾಳಿಯ ಒತ್ತಡದಿಂದ ಅಂಟುವಂತೆ ಕೂರಿಸುವರು. ಹಾಳೆ ತಣಿದ ಮೇಲೆ ಒಸಡಿನ ಅಂಚಿಗೆ ಕತ್ತರಿಸಿ ನಯಗೊಳಿಸಿದರೆ ಕವಚ ಸಿದ್ಧ. ಇಲ್ಲೊಂದು ಸ್ವಾರಸ್ಯವಿದೆ. ಕವಚದ ಆಕಾರ ಇಂದಿನ ಹಲ್ಲಿನದಲ್ಲ, ಮುಂದಿನ ಹೆಜ್ಜೆಯದು. ಬಾಯಿಗೆ ಸರಿಯಾಗಿ ಹೊಂದದಿರುವುದೇ ಅದರ ಗುಣ! ಹಿಗ್ಗಿ ಕುಳಿತ ಕವಚ ತನ್ನ ಸ್ಥಿತಿಸ್ಥಾಪಕ ಗುಣದಿಂದ ಮೂಲ ಆಕಾರಕ್ಕೆ ಮರಳಲೆಳಸಿ ಹಲ್ಲನ್ನು ಒತ್ತುವುದು. ಈ ಬಲ ದಿನಗಳೆದಂತೆ ಕುಗ್ಗುವುದರಿಂದ, ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಕವಚವನ್ನು ಬದಲಿಸುವರು. ದಿನಕ್ಕೆ 20ರಿಂದ 22 ಗಂಟೆಗಳ ಕಾಲ ಅದು ಬಾಯಲ್ಲಿರಬೇಕು.

ಹಸಿ ಮಣ್ಣಿನಲ್ಲಿ ನೆಟ್ಟ ಗೂಟದ ತಲೆಯನ್ನು ತಳ್ಳಿದರೆ ಅದು ಸರಿಯದೆ ವಾಲುವುದು. ಹಲ್ಲಿನ ತುದಿಯನ್ನು ತಳ್ಳಿದರೂ ಹಾಗೆಯೇ. ಬೇರು ಸಹಿತ ಸರಿಯಬೇಕಾದರೆ ಬಲದ ಜೊತೆಗೆ ಬಲಯುಗ್ಮವೂ ಬೇಕು. ಅದಕ್ಕಾಗಿ ಹಲ್ಲಿನ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸಿ, ಕವಚಕ್ಕೆ ಹಿಡಿತವನ್ನು ಒದಗಿಸುವರು. ಆದರೂ ದುಂಡಾದ ಕೋರೆಹಲ್ಲನ್ನು ತಿರುಗಿಸುವಂತಹ ಕೆಲಸಗಳು ಈ ಸಾಧನಕ್ಕೆ ಕಷ್ಟವೇ.

ಪರದೆಯ ಹಲ್ಲು, ಬಾಯಿಯ ಹಲ್ಲು

ಗಣಕಯಂತ್ರದ ಪರದೆಯಲ್ಲಿ ಹಲ್ಲುಗಳು ಕ್ಷಣಮಾತ್ರದಲ್ಲಿ ಸಾಲಾಗಿ ನಿಲ್ಲುವುದನ್ನು ಕಂಡವರು ಬೆರಗಾಗುವುದು ಸಹಜ. ಆದರೆ ಅಲ್ಲಿ ಎಲುಬಿನ ಅಡ್ಡಿಯಿಲ್ಲ, ರಕ್ತನಾಳವಿಲ್ಲ. ಸ್ಕ್ಯಾನರು ಕಾಣುವುದು ಹಲ್ಲಿನ ಹೊರಭಾಗವನ್ನು ಮಾತ್ರ. ಬೇರು ಮತ್ತು ಎಲುಬಿನ ಸ್ಥಿತಿಯನ್ನು ತಿಳಿಯಲು ಎಕ್ಸ್-ರೇ ಚಿತ್ರ ಬೇಕು; ಒಸಡನ್ನು ಪರೀಕ್ಷಿಸಲು ವೈದ್ಯನ ಕೈ ಬೇಕು. ಒಸಡಿನ ರೋಗದಿಂದ ಎಲುಬು ಸವೆದಿರುವಲ್ಲಿ, ಅದನ್ನರಿಯದೆ ಹಲ್ಲನ್ನು ತಳ್ಳಿದರೆ ಇದ್ದ ಹಲ್ಲೂ ಸಡಿಲವಾದೀತು. ವೈದ್ಯಪರೀಕ್ಷೆಯಿಲ್ಲದೆ ಅಂಚೆಯ ಮೂಲಕ ಕವಚಗಳನ್ನು ತರಿಸಿಕೊಳ್ಳುವುದರ ಅಪಾಯ ಇದೇ.

ಹಲ್ಲು ಸಾಲಿಗೆ ಬಂದೊಡನೆ ಕೆಲಸ ಮುಗಿಯಿತೆನ್ನುವಂತೆಯೂ ಇಲ್ಲ. ಹಿಗ್ಗಿದ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುವುದರಿಂದ, ಅದನ್ನು ಹಿಡಿದಿಡುವ ಬೇರೊಂದು ಸಾಧನವನ್ನು ದೀರ್ಘಕಾಲ ಧರಿಸಬೇಕಾಗುವುದು. ದಾರಿಯನ್ನು ಗಣಿತ ತೋರಿಸಬಲ್ಲದು, ತಳ್ಳುವ ಬಲವನ್ನು ಪ್ಲಾಸ್ಟಿಕ್ ಒದಗಿಸಬಲ್ಲದು. ಆದರೆ ಆ ದಾರಿಯಲ್ಲಿ ಹಲ್ಲನ್ನು ನಡೆಸುವವು ಕಣ್ಣಿಗೆ ಕಾಣದ ಜೀವಕಣಗಳು. ಅವುಗಳ ವೇಗವನ್ನು ಮೀರಿ ಹೋಗಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ.