ಹಳೆ ಮನೆಗೆ ಸಿಮೆಂಟ್ ನೆಲ: ಆರೋಗ್ಯಕ್ಕೆ ಲಾಭವೆಷ್ಟು, ಜಾಗ್ರತೆಯೇನು?

ಮೇ ತಿಂಗಳ ರಜೆಗೆ ಮುಂಬಯಿಯಿಂದಲೋ ಗೋವೆಯಿಂದಲೋ ಊರಿಗೆ ಬಂದ ಮಗನಿಗೆ ಹಳೆ ಮನೆಯ ಸಗಣಿ ನೆಲ ಕಣ್ಣಿಗೆ ಬೀಳುತ್ತದೆ. ಮುಪ್ಪಿನ ತಾಯಿ ಬಗ್ಗಿ ಸಾರಿಸುವ ಕಷ್ಟ ತಪ್ಪಲಿ, ಚೌತಿ ಹಬ್ಬದೊಳಗೆ ಮನೆ ಚೊಕ್ಕವಾಗಲಿ ಎಂಬ ಆಸೆ ಅವನದು. ಗವಂಡಿಯನ್ನು ಕರೆದು ಎಂಟೇ ದಿನದಲ್ಲಿ ನೆಲಕ್ಕೆಲ್ಲ ಕಾಂಕ್ರೀಟ್ ಹಾಕಿಸಿ, ಮೇಲೆ ನುಣ್ಣಗೆ ಸಿಮೆಂಟ್ ತಿಕ್ಕಿಸಿ ಹೊರಟುಬಿಡುತ್ತಾನೆ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಜುಲೈಯಲ್ಲಿ ತಾಯಿಯಿಂದ ಫೋನು: "ನೆಲ ಬೆವರ್ತದೆ ತಮ್ಮಾ, ಚಾಪೆ ಹಾಸಿದ್ರೆ ಚಾಪೆಯೇ ಒದ್ದೆ. ಕಾಲು ಇಟ್ರೆ ಜಾರ್ತದೆ. ರಾತ್ರಿ ಕೆಮ್ಮು ನಿಲ್ಲೂದಿಲ್ಲ."

ಕಾರವಾರ, ಅಂಕೋಲಾ ತಾಲೂಕುಗಳ ಎಷ್ಟೋ ಮನೆಗಳಲ್ಲಿ ನಡೆಯುವ ಕಥೆ ಇದು. ಹಾಗಾದರೆ ಸಿಮೆಂಟ್ ನೆಲ ಕೆಟ್ಟದ್ದೇ? ಅಜ್ಜಿಯ ಕಾಲದ ಸಗಣಿ ನೆಲವೇ ಒಳ್ಳೆಯದಿತ್ತೇ? ಎರಡೂ ಅಲ್ಲ. ಗಟ್ಟಿ ನೆಲ ಆರೋಗ್ಯಕ್ಕೆ ನಿಶ್ಚಯವಾಗಿಯೂ ಒಳ್ಳೆಯದು. ಆದರೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಈ ಕಡಲ ದಂಡೆಯಲ್ಲಿ ಅದನ್ನು ಹಾಕುವುದಕ್ಕೊಂದು ಕ್ರಮವಿದೆ. ಕ್ರಮ ತಪ್ಪಿದರೆ ಒಂದು ರೋಗವನ್ನು ಹೊರಹಾಕಿ ಇನ್ನೊಂದನ್ನು ಒಳಕರೆದಂತಾಗುತ್ತದೆ.

ಮಣ್ಣಿನ ನೆಲದಲ್ಲಿ ಏನಿದೆ?

ಚೆನ್ನಾಗಿ ಬಡಿದು ಸಗಣಿ ಸಾರಿಸಿದ ನೆಲಕ್ಕೆ ತನ್ನದೇ ಗುಣಗಳಿವೆ. ಅದು ಕಾಲಿಗೆ ಮೆತ್ತಗೆ, ಕಾಂಕ್ರೀಟಿನಷ್ಟು ತಣ್ಣಗಲ್ಲ. ಮಣ್ಣಿನೊಳಗಿನ ತೇವ ಅದರ ಮೂಲಕ ಸ್ವಲ್ಪಸ್ವಲ್ಪವಾಗಿ ಆವಿಯಾಗಿ ಹೋಗುತ್ತದೆ. ಗೇರುಬೀಜದ ಒಲೆಯೋ ಸೌದೆ ಒಲೆಯೋ ಉರಿಯುತ್ತಿದ್ದ ಕಾಲದಲ್ಲಿ ಆ ಬಿಸಿಗೇ ನೆಲ ಒಣಗುತ್ತಿತ್ತು.

ಆದರೆ ಸಗಣಿ ಕ್ರಿಮಿನಾಶಕ ಎಂಬ ನಂಬಿಕೆಯನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಧನುರ್ವಾಯು ತರುವ ರೋಗಾಣುವಿನ ಬೀಜಕಗಳು ದನದ ಸಗಣಿಯಲ್ಲೂ ಮಣ್ಣಿನಲ್ಲೂ ಇರುತ್ತವೆ. ಗಾಯವಾದ ಕಾಲಿಗೆ, ಹಸುಗೂಸಿನ ಹೊಕ್ಕುಳಿಗೆ ಇವು ತಾಗಬಾರದು. ಅಂಗಳದಲ್ಲಿ ಮಲವಿಸರ್ಜನೆ ಮಾಡಿದ ಮಗುವಿನ ಕಾಲಿನಿಂದ, ಕೋಳಿ-ನಾಯಿಗಳ ಓಡಾಟದಿಂದ ಒಳಬಂದ ಹುಳುಗಳ ಮೊಟ್ಟೆಗಳನ್ನು ಮಣ್ಣಿನ ನೆಲದಿಂದ ತೊಳೆದು ತೆಗೆಯಲು ಬರುವುದಿಲ್ಲ. ಕೊಕ್ಕೆಹುಳುವಿನ ಮರಿಗಳಿಗೆ ನೆರಳು, ತೇವ, ಬೆಚ್ಚನೆಯ ಮಣ್ಣು ಬಹಳ ಪ್ರಿಯ; ಅಂಥ ಮಣ್ಣಿನಲ್ಲಿ ಅವು ವಾರಗಟ್ಟಲೆ ಬದುಕುತ್ತವೆ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕೊನೆಗೆ ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತವೆ. ಮಗು ಬಿಳಚಿಕೊಳ್ಳುವುದು, ಸುಸ್ತಾಗುವುದು, ಶಾಲೆಯಲ್ಲಿ ತೂಕಡಿಸುವುದು ಎಷ್ಟೋ ಸಲ ಇದರಿಂದಲೇ.

ಗಟ್ಟಿ ನೆಲದಿಂದ ಎಷ್ಟು ಪ್ರಯೋಜನ ಎಂಬುದಕ್ಕೆ ದೂರದ ಮೆಕ್ಸಿಕೊ ದೇಶದ ಉದಾಹರಣೆ ಇದೆ. ಅಲ್ಲಿಯ ಕೊವಾಹಿಲಾ ರಾಜ್ಯದಲ್ಲಿ 2000ರಲ್ಲಿ ಸರಕಾರ ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸಿಮೆಂಟ್ ಹಾಕಿಸುವ ಯೋಜನೆ ಪ್ರಾರಂಭಿಸಿತು. ಅದರ ಪರಿಣಾಮವನ್ನು ಅಳೆದ ಅರ್ಥಶಾಸ್ತ್ರಜ್ಞರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮನೆಯ ಮಣ್ಣಿನ ನೆಲ ಪೂರ್ತಿ ಸಿಮೆಂಟ್ ಆದರೆ ಚಿಕ್ಕ ಮಕ್ಕಳಲ್ಲಿ ಹೊಟ್ಟೆಹುಳುವಿನ ಬಾಧೆ ಶೇಕಡಾ 78ರಷ್ಟು, ಭೇದಿ ಶೇಕಡಾ 49ರಷ್ಟು, ರಕ್ತಹೀನತೆ ಶೇಕಡಾ 81ರಷ್ಟು ಇಳಿಯುತ್ತದೆ ಎಂದು ಅದು ಅಂದಾಜು ಮಾಡಿತು. ತಾಯಂದಿರ ಮನಸ್ಸಿನ ನೆಮ್ಮದಿಯೂ ಹೆಚ್ಚಿತ್ತು.

ನಮ್ಮಲ್ಲಿ ಇನ್ನೊಂದು ಲಾಭವನ್ನೂ ಸೇರಿಸಿಕೊಳ್ಳಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ತಾಲೂಕಿನ ಮನೆಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನೆರೆ ಇಳಿದ ಮೇಲೆ ಗಟ್ಟಿ ನೆಲವನ್ನು ತೊಳೆದು ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಬಹುದು. ಮಣ್ಣಿನ ನೆಲವನ್ನು ಅಗೆದೇ ಹಾಕಬೇಕು. ಇಲಿಯ ಬಿಲಗಳು ಮುಚ್ಚಿದರೆ ಇಲಿಜ್ವರದ ಭಯವೂ ಕಡಿಮೆ, ಹಾವಿನ ಭಯವೂ ಕಡಿಮೆ.

ನೆಲ ಬೆವರುವುದೇಕೆ?

ಇದಕ್ಕೆ ಎರಡು ಕಾರಣ. ಮೊದಲನೆಯದು ಕೆಳಗಿನಿಂದ ಬರುವ ತೇವ. ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ನಿಲುಕುವಷ್ಟು ಮೇಲೆ ಬರುವುದನ್ನು ನೀವು ಕಂಡಿದ್ದೀರಿ. ಅದೇ ನೀರು ಮನೆಯ ಅಡಿಯಲ್ಲೂ ಇದೆ. ಕಾಂಕ್ರೀಟ್ ಕಲ್ಲಿನಂತೆ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆ ಹೀರಿದಂತೆ ಅದು ನೀರನ್ನು ಹೀರಿ ಮೇಲಕ್ಕೆ ತರುತ್ತದೆ.

ಎರಡನೆಯದು ಗಾಳಿಯ ತೇವ. ಹೊರಗಿನ ಗಾಳಿ 28 ಡಿಗ್ರಿ ಸೆಲ್ಸಿಯಸ್ ಇದ್ದು, ತೇವಾಂಶ ಶೇಕಡಾ 90 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಹನಿಗಟ್ಟುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವುದೂ ಹೀಗೆಯೇ. ನುಣುಪಾದ ಸಿಮೆಂಟ್ ನೆಲ ಆ ನೀರನ್ನು ಹೀರಿಕೊಳ್ಳದೆ ಮೇಲೆಯೇ ಇಟ್ಟುಕೊಳ್ಳುತ್ತದೆ.

ನಿಮ್ಮ ಮನೆಯದು ಯಾವ ತೇವ ಎಂದು ಪರೀಕ್ಷಿಸುವುದು ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒಣ ಬಟ್ಟೆಯಿಂದ ಒರೆಸಿದ ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ನೀರಿದ್ದರೆ ಅದು ನೆಲದಡಿಯಿಂದ ಬಂದದ್ದು. ಮೇಲ್ಗಡೆ ಮಾತ್ರ ನೀರಿದ್ದರೆ ಗಾಳಿಯಿಂದ ಬಂದದ್ದು. ಮೊದಲನೆಯದಕ್ಕೆ ಗವಂಡಿಯೇ ಬೇಕು. ಎರಡನೆಯದಕ್ಕೆ ಬಿಸಿಲು ಬಿದ್ದಾಗ ಕಿಟಕಿ ತೆರೆಯುವುದು, ಮಳೆ ಹೊಡೆಯುವಾಗ ಮುಚ್ಚುವುದು, ಫ್ಯಾನು ಹಾಕುವುದು, ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸದಿರುವುದು ಇಷ್ಟು ಸಾಕು.

ತೇವದಿಂದ ಬರುವ ಕಾಯಿಲೆಗಳು

ತೇವ ನಿಂತ ಮನೆಯಲ್ಲಿ ಬೂಸ್ಟು ಬೆಳೆಯುತ್ತದೆ, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳಗಳು ಹೆಚ್ಚುತ್ತವೆ. ಇಂಥ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಶ್ವಾಸದ ತೊಂದರೆಗಳು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆಸ್ತಮಾ ಇರುವ ಮಗು ಮಳೆಗಾಲದಲ್ಲಿ ಮಾತ್ರ ಹೆಚ್ಚು ಬಳಲುತ್ತಿದ್ದರೆ ಔಷಧಿಯ ಜೊತೆಗೆ ಅದು ಮಲಗುವ ಮೂಲೆಯನ್ನೂ ಒಮ್ಮೆ ನೋಡಿ. ಕಾಲ್ಬೆರಳ ಸಂದಿಯ ಹುಣ್ಣು, ತೊಡೆಸಂದಿಯ ತುರಿಕೆಯ ಶಿಲೀಂಧ್ರಗಳಿಗೂ ತೇವವೇ ಆಹಾರ.

ತಣ್ಣನೆ ನೆಲದಿಂದ ಸಂಧಿವಾತ ಹುಟ್ಟುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಹುಟ್ಟುವುದಿಲ್ಲ. ಆದರೆ ಮೊದಲೇ ಸವೆದ ಮಂಡಿಗೆ ತಂಪಿನಲ್ಲಿ ಬಿಗಿತ, ನೋವು ಹೆಚ್ಚೆನಿಸುತ್ತದೆ. ಗಟ್ಟಿ ನೆಲದ ಮೇಲೆ ದಿನವಿಡೀ ಬರಿಗಾಲಿನಲ್ಲಿ ನಿಂತು ಅಡುಗೆ ಮಾಡುವ ಹೆಂಗಸರಿಗೆ ಹಿಮ್ಮಡಿ ನೋವು ಬರುವುದುಂಟು. ಮನೆಯೊಳಗೆ ಹಾಕಲೆಂದೇ ಮೆತ್ತನೆ ಚಪ್ಪಲಿ ಇಟ್ಟುಕೊಳ್ಳುವುದು ಶ್ರೀಮಂತಿಕೆಯಲ್ಲ, ಚಿಕಿತ್ಸೆ. ವಯಸ್ಸಾದವರು ನೆಲದ ಮೇಲೆ ಬರೀ ಚಾಪೆಯಲ್ಲಿ ಮಲಗುವ ಬದಲು ಮಂಚ ಉಪಯೋಗಿಸಲಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಜಾರಿ ಬೀಳುವುದು. ಮುಪ್ಪಿನಲ್ಲಿ ತೊಡೆಯ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಕನ್ನಡಿಯಂತೆ ಹೊಳೆಯುವ ನೆಲ ನೆಂಟರಿಗೆ ಚೆಂದ, ಅಜ್ಜಿಗಲ್ಲ.

ಗೋಡೆಯ ವಿಷಯ ಮರೆಯಬೇಡಿ

ಹಳೆ ಮನೆಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ನಮ್ಮ ಕಡೆಯ ಹಳೆ ಗೋಡೆಗಳು ಚಿರೆಕಲ್ಲಿನವು, ಇಲ್ಲವೇ ಮಣ್ಣಿನವು. ಪಾಯದ ಮೇಲೆ ತೇವ ತಡೆಯುವ ಪದರ ಅವುಗಳಿಗೆ ಇರುವುದಿಲ್ಲ. ಇಷ್ಟು ಕಾಲ ಇಡೀ ನೆಲದ ಮೂಲಕ ಹೊರಹೋಗುತ್ತಿದ್ದ ತೇವಕ್ಕೆ ನೀವು ಕಾಂಕ್ರೀಟಿನ ಮುಚ್ಚಳ ಹಾಕಿದಿರಿ. ಅದೀಗ ಗೋಡೆಯ ದಾರಿ ಹಿಡಿಯುತ್ತದೆ. ಮೊಣಕಾಲೆತ್ತರಕ್ಕೆ ಬಣ್ಣ ಉದುರುವುದು, ಬಿಳಿ ಉಪ್ಪಿನ ಪುಡಿ ಏಳುವುದು ಇದರ ಗುರುತು. ಅದನ್ನು ಮುಚ್ಚಲೆಂದು ಸಿಮೆಂಟ್ ಗಿಲಾವು ಮಾಡಿಸಿದರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ.

ಆದ್ದರಿಂದ ನೆಲಕ್ಕೆ ಕೈ ಹಾಕುವ ಮೊದಲು ಮನೆಯ ಹೊರಗೆ ನೋಡಿ. ವರ್ಷವರ್ಷ ಮಣ್ಣು ತುಂಬಿ ಅಂಗಳ ಒಳನೆಲದ ಮಟ್ಟಕ್ಕೆ ಬಂದಿದ್ದರೆ ಅದನ್ನು ತಗ್ಗಿಸಿ. ಹೆಂಚಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಸುತ್ತ ಇಳಿಜಾರಿನ ಗಟಾರ ಮಾಡಿ. ಗೋಡೆಗೆ ಸಿಮೆಂಟಿನ ಬದಲು ಸುಣ್ಣದ ಗಿಲಾವು ಇರಲಿ, ಸುಣ್ಣ ಉಸಿರಾಡುತ್ತದೆ.

ನೆಲ ಹಾಕುವ ಕ್ರಮ

ಹಳೆ ಸಡಿಲ ಮಣ್ಣನ್ನು ತೆಗೆದು, ಮುರ್ರಂ ಹಾಕಿ ನೀರು ಚಿಮುಕಿಸಿ ಬಡಿಯಬೇಕು. ಅದರ ಮೇಲೆ ಒರಟು ಕಲ್ಲು ಅಥವಾ ದಪ್ಪ ಜಲ್ಲಿಯ ಪದರ. ದಪ್ಪ ಜಲ್ಲಿಯ ನಡುವಿನ ಸಂದುಗಳಲ್ಲಿ ನೀರು ಮೇಲೇರಲಾರದು. ಜಲ್ಲಿಯ ಮೊನೆ ಚುಚ್ಚದಂತೆ ತೆಳ್ಳಗೆ ಮರಳು ಹರಡಿ, 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಎರಡು ಹಾಳೆ ಕೂಡುವಲ್ಲಿ ಒಂದು ಅಡಿಯಷ್ಟು ಒಂದರ ಮೇಲೊಂದು ಬರಬೇಕು. ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಈ ಪ್ಲಾಸ್ಟಿಕ್ ಹಾಳೆಗೆ ತಗಲುವ ಖರ್ಚು ಇಡೀ ಕೆಲಸದಲ್ಲಿ ಅತ್ಯಲ್ಪ. ಬಿಟ್ಟುಬಿಟ್ಟರೆ ಆಮೇಲೆ ಸೇರಿಸಲು ಬರುವುದಿಲ್ಲ.

ಮರಳಿನ ವಿಷಯದಲ್ಲಿ ಕರಾವಳಿಯವರು ವಿಶೇಷ ಎಚ್ಚರ ವಹಿಸಬೇಕು. ಕಾಳಿ, ಗಂಗಾವಳಿ ನದಿಗಳ ಅಳಿವೆಯ ಸಮೀಪದ ಮರಳಿನಲ್ಲಿ ಉಪ್ಪು ಇರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಅಂಥ ನೆಲ ಎಂದೂ ಒಣಗುವುದಿಲ್ಲ. ಒಳಗೆ ಕಬ್ಬಿಣವಿದ್ದರೆ ತುಕ್ಕು ಹಿಡಿಯುತ್ತದೆ. ಕಲಸುವ ನೀರಿನ ಕ್ಲೋರೈಡ್ ಪ್ರಮಾಣ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂ, ಕಬ್ಬಿಣವಿಲ್ಲದ್ದಕ್ಕೆ 2000 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ 456 ಹೇಳುತ್ತದೆ. ಸವಳು ಬಾವಿಯ ನೀರು ಬೇಡ. ಮರಳು ಸಂಶಯವಾದರೆ ಸಿಹಿನೀರಿನಲ್ಲಿ ತೊಳೆದು ಬಳಸಿ.

ಕಾಲವೂ ಮುಖ್ಯ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಬೂದಿ ಬೆರೆಸಿದ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಆಮೇಲೆ ಅದು ಪೂರ್ತಿ ಒಣಗುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ. ಅಂದರೆ ನಾಲ್ಕು ಇಂಚಿನ ನೆಲಕ್ಕೆ ಮೂರು ತಿಂಗಳ ಮೇಲೆ ಬೇಕು. ಮೇ ತಿಂಗಳಲ್ಲಿ ಹಾಕಿದ ನೆಲಕ್ಕೆ ಈ ಅವಕಾಶವೇ ಸಿಗದು. ದೀಪಾವಳಿ ಕಳೆದ ಮೇಲೆ ಕೆಲಸ ಪ್ರಾರಂಭಿಸಿ, ಜನವರಿಯೊಳಗೆ ಮುಗಿಸುವುದು ಉತ್ತಮ. ಒಣಗುವ ಮೊದಲೇ ಮೇಲೆ ಪ್ಲಾಸ್ಟಿಕ್ ಹಾಸು ಅಂಟಿಸಬೇಡಿ. ಅಡಿಯಲ್ಲಿ ಬೂಸ್ಟು ಖಂಡಿತ.

ಕೆಲಸ ಮಾಡುವವರ ಆರೋಗ್ಯ

ಹಸಿ ಸಿಮೆಂಟಿನ ಕ್ಷಾರಗುಣ ಬಹಳ ತೀಕ್ಷ್ಣ. ಅದರಲ್ಲಿ ಬರಿಗಾಲಿನಲ್ಲಿ ನಿಂತು, ಮಂಡಿಯೂರಿ ಕರಣೆ ಹಿಡಿದವರಿಗೆ ಮೊದಲು ಏನೂ ಅನಿಸುವುದಿಲ್ಲ. ಸಂಜೆಗೆ ಚರ್ಮ ಸುಟ್ಟು ಆಳದ ಹುಣ್ಣಾಗುತ್ತದೆ. ಸಿಮೆಂಟಿನಲ್ಲಿರುವ ಕ್ರೋಮಿಯಂ ಅಂಶದಿಂದ ಒಮ್ಮೆ ಇಸಬು ಬಂದರೆ ಮತ್ತೆ ಮತ್ತೆ ಮರುಕಳಿಸುತ್ತದೆ. ಗಮ್‌ಬೂಟು, ರಬ್ಬರ್ ಕೈಗವಸು ಕೊಡಿಸುವುದು ಮನೆಯೊಡೆಯನ ಹೊಣೆ. ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಕಾಲು ಗಂಟೆಗಿಂತ ಹೆಚ್ಚು ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೈಲ್ಸ್, ಗ್ರಾನೈಟ್ ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ. ನೀರು ಬಿಟ್ಟುಕೊಂಡೇ ಕೊಯ್ಯಲಿ. ಮಕ್ಕಳನ್ನು ಅತ್ತ ಬಿಡಬೇಡಿ.

ನೆನಪಿಡಬೇಕಾದ ಅಂಶಗಳು

* ಬಚ್ಚಲು, ಅಡುಗೆಮನೆ, ಹಿತ್ತಿಲ ಬಾಗಿಲಿನ ನೆಲ ಒರಟಾಗಿರಲಿ. ಬಚ್ಚಲಿನ ಇಳಿಜಾರು ಸರಿಯಾಗಿರಲಿ, ಗೋಡೆಗೆ ಹಿಡಿಕೆ ಇರಲಿ.

* ಹೊಸ ನೆಲದಿಂದ ಹೊಸ್ತಿಲ ಎತ್ತರ ಬದಲಾಗುತ್ತದೆ. ವಯಸ್ಸಾದವರು ಹಳೆ ಅಂದಾಜಿನಲ್ಲಿ ಕಾಲಿಟ್ಟು ಎಡವುತ್ತಾರೆ. ರಾತ್ರಿ ಸಣ್ಣ ದೀಪ ಉರಿಯಲಿ.

* ಅಕ್ಕಿ ಚೀಲ, ಹಾಸಿಗೆ, ಪೆಟ್ಟಿಗೆಗಳನ್ನು ಗೋಡೆಗೆ ತಾಗಿಸಬೇಡಿ; ಅಡಿಗೆ ಮರದ ಹಲಗೆ ಇಡಿ.

* ನೆಲ ಸಿಮೆಂಟಾದ ಮಾತ್ರಕ್ಕೆ ಕೊಕ್ಕೆಹುಳು ಹೋಗದು. ಶೌಚಾಲಯದ ಬಳಕೆ, ತೋಟಕ್ಕೆ ಚಪ್ಪಲಿ, ಶಾಲೆ-ಅಂಗನವಾಡಿಗಳಲ್ಲಿ ಕೊಡುವ ಜಂತುಹುಳು ಮಾತ್ರೆ ಇವೆಲ್ಲ ಬೇಕು.

* ಸಗಣಿ ನೆಲವೇ ಇರುವವರು ಕುಗ್ಗಬೇಕಿಲ್ಲ. ಬಿರುಕು ಮುಚ್ಚಿ, ಕೋಳಿ-ನಾಯಿಗಳನ್ನು ಹೊರಗಿಟ್ಟು, ಅಂಬೆಗಾಲಿನ ಮಗುವಿಗೆ ತೊಳೆಯಲು ಬರುವ ಹಾಸು ಹಾಕಿ.

ಆರಂಭದಲ್ಲಿ ಹೇಳಿದ ಮಗನ ಉದ್ದೇಶ ತಪ್ಪಲ್ಲ. ತಾಯಿಯ ಬೆನ್ನಿಗೆ ವಿಶ್ರಾಂತಿ ಸಿಗಬೇಕಾದದ್ದೇ. ಅವಸರ ಮಾತ್ರ ತಪ್ಪು. ಈ ಸಲ ಚೌತಿಗೆ ಬಂದಾಗ ಅವನು ಮೊದಲು ಅಂಗಳದ ನೀರು ಎತ್ತ ಹರಿಯುತ್ತದೆ ಎಂದು ನೋಡಲಿ. ತಾಯಿ ಎಲ್ಲಿ ಮಲಗುತ್ತಾಳೆ, ಬಚ್ಚಲಿಗೆ ಹೇಗೆ ಹೋಗುತ್ತಾಳೆ ಎಂದು ನೋಡಲಿ. ಗವಂಡಿಯ ಲೆಕ್ಕ ಅದಾದ ಮೇಲೆ.